ಪಕ್ಕದ ಮನೆಯ ಅಜ್ಜಿ ಯಾವ ದೇಶದವರು?

ಪ್ರಶ್ನೆ: ನಾವು ಮೆಲ್ಬರ್ನಿನ ಉತ್ತರಕ್ಕಿರುವ ಎಪ್ಪಿಂಗ್‌ನಲ್ಲಿದ್ದೇವೆ. ಪಕ್ಕದ ಮನೆಯವರು ತಾವು ಮ್ಯಾಸಿಡೋನಿಯನ್ನರು ಅನ್ನುತ್ತಾರೆ. ಪ್ರತಿ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಗ್ಯಾರೇಜಿನಲ್ಲಿ ಮೂಟೆಗಟ್ಟಲೆ ಕೆಂಪು ಕ್ಯಾಪ್ಸಿಕಂ ಸುಡುತ್ತಾರೆ. ನಮಗೂ ಒಂದು ಬಾಟಲಿ ಕೊಡುತ್ತಾರೆ. ಆ ಮನೆಯ ಅಜ್ಜಿ ಹುಟ್ಟಿದ್ದು ಗ್ರೀಸ್‌ನಲ್ಲಿ, ಬೆಳೆದದ್ದು ಪೋಲೆಂಡ್‌ನಲ್ಲಿ, ಮದುವೆಯಾಗಿದ್ದು ಯುಗೊಸ್ಲಾವಿಯಾದಲ್ಲಂತೆ. "ಹಾಗಾದ್ರೆ ನೀವು ಗ್ರೀಕರಾ?" ಅಂತ ಒಂದು ಸಲ ಕೇಳಿದೆ. ಅವರ ಮುಖ ಸಪ್ಪಗಾಯಿತು. ನಾನು ತಪ್ಪು ಕೇಳಿದೆನಾ? ಈ ಜನ ಯಾರು, ಪ್ರಪಂಚದಲ್ಲಿ ಎಲ್ಲೆಲ್ಲಿದ್ದಾರೆ? ಅಲೆಗ್ಸಾಂಡರನಿಗೂ ಇವರಿಗೂ ಸಂಬಂಧ ಇದೆಯಾ?

ಉತ್ತರ: ನೀವು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಗೊತ್ತಿಲ್ಲದೆ ಹಳೇ ಗಾಯವನ್ನು ಮುಟ್ಟಿದ್ದೀರಿ. ಗ್ರೀಸ್, ಪೋಲೆಂಡ್, ಯುಗೊಸ್ಲಾವಿಯಾ, ಆಮೇಲೆ ಆಸ್ಟ್ರೇಲಿಯಾ. ಈ ನಾಲ್ಕು ಹೆಸರು ಇದೇ ಸಾಲಿನಲ್ಲಿ ಬಂದರೆ ಸಾಕು, ಆ ಅಜ್ಜಿಯ ಬಾಲ್ಯದಲ್ಲಿ ಏನು ನಡೆದಿರಬೇಕು ಎಂದು ಈ ಜನರ ಚರಿತ್ರೆ ಓದಿದವರಿಗೆ ಅಂದಾಜಾಗುತ್ತದೆ. ಅದನ್ನು ಹೇಳುವ ಮೊದಲು ಒಂದು ಮಾತು. ಮೊದಲು ಒಂದು ದೇಶ, ಆಮೇಲೆ ಅಲ್ಲಿಂದ ಹೊರಟ ಜನ. ವಲಸೆ ಅಂದರೆ ನಾವು ಹೀಗೇ ಅಂದುಕೊಳ್ಳುತ್ತೇವೆ, ಅಲ್ವಾ? ಮ್ಯಾಸಿಡೋನಿಯನ್ನರಲ್ಲಿ ಜನ ಮೊದಲು ಹೊರಟರು. ದೇಶ ಆಮೇಲೆ ಬಂತು.

ಮ್ಯಾಸಿಡೋನಿಯಾ ಎನ್ನುವುದು ಬಹಳ ಕಾಲ ಒಂದು ಸೀಮೆಯ ಹೆಸರಾಗಿತ್ತು, ಅಷ್ಟೇ. ಐದು ಶತಮಾನಕ್ಕೂ ಜಾಸ್ತಿ ಕಾಲ ಅದು ಆಟೊಮನ್ ತುರ್ಕರ ಕೈಯಲ್ಲಿತ್ತು. 1912ರಲ್ಲಿ ಗ್ರೀಸ್, ಸರ್ಬಿಯಾ, ಬಲ್ಗೇರಿಯಾ, ಮಾಂಟೆನೆಗ್ರೊ ಒಟ್ಟಾಗಿ ತುರ್ಕರನ್ನು ಹೊರಹಾಕಿದವು. ಮರುವರ್ಷ ಪಾಲಿಗಾಗಿ ತಮ್ಮತಮ್ಮಲ್ಲೇ ಬಡಿದಾಡಿದವು. 1913ರ ಆಗಸ್ಟ್‌ನಲ್ಲಿ ಬುಕಾರೆಸ್ಟ್ ಒಪ್ಪಂದವಾಗಿ ಸೀಮೆ ಹಂಚಿಹೋಯಿತು. ದಕ್ಷಿಣದ ದೊಡ್ಡ ಪಾಲು ಗ್ರೀಸ್‌ಗೆ. ವರ್ದಾರ್ ನದಿಯ ಮೇಲಿನ ಭಾಗ ಸರ್ಬಿಯಾಕ್ಕೆ. ಪಿರಿನ್ ಬೆಟ್ಟದ ಕಡೆಯ ಸಣ್ಣ ಪಾಲು ಬಲ್ಗೇರಿಯಾಕ್ಕೆ. ಸರ್ಬಿಯಾಕ್ಕೆ ಹೋದ ಪಾಲು ಮುಂದೆ ಯುಗೊಸ್ಲಾವಿಯಾದ ಒಂದು ಗಣರಾಜ್ಯವಾಯಿತು. 1991ರಲ್ಲಿ ಸ್ವತಂತ್ರವಾಯಿತು. 2019ರಿಂದ ಅದರ ಹೆಸರು ಉತ್ತರ ಮ್ಯಾಸಿಡೋನಿಯಾ. ನಿಮ್ಮ ಪಕ್ಕದ ಮನೆಯ ಅಜ್ಜಿ ಹುಟ್ಟಿದ ಹಳ್ಳಿ ಗ್ರೀಸ್‌ಗೆ ಹೋದ ಪಾಲಿನಲ್ಲಿದೆ. ಅವರ ಮನೆಮಾತು ಮಾತ್ರ ಗ್ರೀಕ್ ಅಲ್ಲ, ಸ್ಲಾವ್ ಗುಂಪಿನ ಮ್ಯಾಸಿಡೋನಿಯನ್.

ಅಲೆಗ್ಸಾಂಡರನ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಅವನು ಕ್ರಿಸ್ತಪೂರ್ವ ನಾಲ್ಕನೇ ಶತಮಾನದವನು. ಸ್ಲಾವ್ ಭಾಷೆಯವರು ಬಾಲ್ಕನ್ ಸೀಮೆಗೆ ಬಂದದ್ದು ಕ್ರಿಸ್ತಶಕ ಆರು, ಏಳನೇ ಶತಮಾನದಲ್ಲಿ. ಹೆಸರು ಮಣ್ಣಿನಿಂದ ಬಂದದ್ದು. ಗ್ರೀಸ್‌ನ ಮ್ಯಾಸಿಡೋನಿಯಾ ಪ್ರಾಂತದಿಂದ ವಲಸೆ ಬಂದ ಗ್ರೀಕರೂ ಮೆಲ್ಬರ್ನಿನಲ್ಲಿ ತುಂಬಾ ಜನ ಇದ್ದಾರೆ. ಅವರೂ ತಮ್ಮನ್ನು ಮ್ಯಾಸಿಡೋನಿಯನ್ನರು ಅಂತಲೇ ಕರೆದುಕೊಳ್ಳುತ್ತಾರೆ, ಅದೂ ಪ್ರಾಮಾಣಿಕವಾಗಿಯೇ. ಹಾಗಾಗಿ ಒಂದೇ ಹೆಸರಿನ ಎರಡು ಸಮುದಾಯ ಒಂದೇ ಊರಿನಲ್ಲಿವೆ ಎಂದು ತಿಳಿದಿರಿ.

ಇನ್ನು ಜನ ಹೊರಟ ಕಥೆ. ಮ್ಯಾಸಿಡೋನಿಯನ್ ಭಾಷೆಯಲ್ಲಿ 'ಪೆಚಲ್ಬಾ' ಎಂಬ ಪದವಿದೆ. ನಮ್ಮ 'ಗುಳೆ'ಗೆ ತೀರಾ ಹತ್ತಿರದ ಪದ. ಬೆಟ್ಟದ ಊರುಗಳಲ್ಲಿ ಬೆಳೆ ಸಾಲದು, ತೆರಿಗೆ ಕಟ್ಟಬೇಕು. ಹೀಗಾಗಿ ಗಂಡಸರು ದುಡಿಯಲು ದೂರ ಹೋಗುತ್ತಿದ್ದರು. ಇಸ್ತಾಂಬುಲ್, ಸೋಫಿಯಾ, ಬೆಲ್‌ಗ್ರೇಡ್, ರೊಮೇನಿಯಾ. ಕಲ್ಲುಕೆಲಸ, ಬೇಕರಿ ಕೆಲಸ, ಹಾಲು ಮಾರುವ ಕೆಲಸ. ನಮ್ಮಲ್ಲಿ ಗುಳೆ ಅಂದರೆ ಹೆಂಡತಿ, ಮಕ್ಕಳು, ಪಾತ್ರೆ ಪಗಡಿ ಸಮೇತ ಹೊರಡುವುದೇ ಜಾಸ್ತಿ. ಪೆಚಲ್ಬಾದಲ್ಲಿ ಗಂಡಸು ಒಬ್ಬನೇ. ಹೆಂಗಸರು, ಮಕ್ಕಳು, ಮುದುಕರು ಊರಿನಲ್ಲೇ. ವರ್ಷಕ್ಕೊಮ್ಮೆ ಬಂದರೆ ಪುಣ್ಯ, ಕೆಲವರು ಹಲವು ವರ್ಷ ಬರುತ್ತಲೇ ಇರಲಿಲ್ಲ.

ಇದರ ಗುರುತು ಇವತ್ತಿಗೂ ಕಣ್ಣಿಗೆ ಕಾಣುವ ಒಂದು ಊರಿದೆ, ಗಾಲಿಚ್ನಿಕ್. ಉತ್ತರ ಮ್ಯಾಸಿಡೋನಿಯಾದ ಪಶ್ಚಿಮಕ್ಕೆ, ಬೆಟ್ಟದ ಇಳಿಜಾರಿನಲ್ಲಿ ಕಲ್ಲಿನ ಮನೆಗಳ ಊರು. ದುಡಿಯಲು ಹೋದ ಗಂಡಸರೆಲ್ಲ ಬೇಸಿಗೆಯಲ್ಲಿ, ಸಂತ ಪೀಟರನ ಹಬ್ಬಕ್ಕೆ, ಅಂದರೆ ಜುಲೈ 12ರ ಹೊತ್ತಿಗೆ ಊರಿಗೆ ಬರುತ್ತಿದ್ದರು. ವರ್ಷದ ಮದುವೆಗಳೆಲ್ಲ ಆ ದಿನಗಳಲ್ಲೇ. ಇವತ್ತು ಚಳಿಗಾಲದಲ್ಲಿ ಅಲ್ಲಿ ಬೆರಳೆಣಿಕೆಯ ಜನರೂ ಇರುವುದಿಲ್ಲ. ಆದರೆ ಜುಲೈ ಬಂದರೆ ಒಂದು ಜೋಡಿಗೆ ಹಳೇ ಪದ್ಧತಿಯಂತೆ ಅಲ್ಲಿ ಮದುವೆ ಮಾಡುತ್ತಾರೆ, ಬೇರೆಬೇರೆ ದೇಶಗಳಿಂದ ಜನ ಬಂದು ಸೇರುತ್ತಾರೆ. ಜುರ್ಲಾ ಎಂಬ ವಾದ್ಯ ಊದುತ್ತಾರೆ, ಅದು ನಮ್ಮ ಓಲಗದ ಬಳಗಕ್ಕೇ ಸೇರಿದ್ದು. ಜೊತೆಗೆ ತಪಾನ್ ಎಂಬ ದೊಡ್ಡ ಡೋಲು. ಗಂಡಸರು ಸಾಲಾಗಿ ನಿಂತು 'ತೆಷ್ಕೊತೊ' ಕುಣಿಯುತ್ತಾರೆ. ಹೆಸರಿನ ಅರ್ಥವೇ 'ಭಾರವಾದದ್ದು'. ಮೊದಲಿಗೆ ತೀರಾ ನಿಧಾನ. ಒಂದು ಕಾಲೆತ್ತಿ ಅದು ನೆಲ ಮುಟ್ಟುವಷ್ಟರಲ್ಲಿ ನೋಡುವವರ ಉಸಿರು ಕಟ್ಟುತ್ತದೆ. ಬೀಳ್ಕೊಡುವ ಹೊತ್ತಿನಲ್ಲಿ ಕಾಲು ಮುಂದಕ್ಕೆ ಬರದ ಗಂಡಸಿನ ಹೆಜ್ಜೆ ಅದು. ಆಮೇಲೆ ಡೋಲು ಬಿರುಸಾಗುತ್ತದೆ, ಸಾಲಿನ ಮೊದಲಿಗ ಡೋಲಿನ ಮೇಲೆ ಹತ್ತಿ ನಿಲ್ಲುತ್ತಾನೆ. ವಲಸೆಯ ಬಗ್ಗೆ ನಾನು ಎಷ್ಟೋ ಪುಟ ಓದಿದ್ದೇನೆ. ಆ ನಿಧಾನದ ಮೊದಲ ಹೆಜ್ಜೆ ಹೇಳುವಷ್ಟನ್ನು ಯಾವ ಪುಟವೂ ಹೇಳಿಲ್ಲ.

ಪೆಚಲ್ಬಾ ಕಡಲು ದಾಟಿದ್ದು 1903ರ ನಂತರ. ಆ ವರ್ಷ ಆಗಸ್ಟ್ 2ರಂದು, ಸಂತ ಎಲಿಜಾನ ಹಬ್ಬದ ದಿನ, ತುರ್ಕರ ವಿರುದ್ಧ ದಂಗೆ ಎದ್ದಿತು. ಅದೇ 'ಇಲಿಂದೆನ್'. ಕ್ರುಶೆವೊ ಎಂಬ ಬೆಟ್ಟದೂರಿನಲ್ಲಿ ದಂಗೆಕೋರರು ಗಣರಾಜ್ಯವನ್ನೇ ಘೋಷಿಸಿದರು. ಅದು ಹತ್ತು ದಿನವಷ್ಟೇ ಬಾಳಿತು. ತುರ್ಕ ಸೈನ್ಯ ಊರೂರನ್ನೇ ಸುಟ್ಟಿತು. ಮನೆ ಕಳೆದುಕೊಂಡವರಿಗೆ ಮತ್ತೆ ಕಟ್ಟಲು ದುಡ್ಡು ಬೇಕು. ಅಮೆರಿಕದ ಉಕ್ಕಿನ ಕಾರ್ಖಾನೆಗಳಿಗೆ ಆಳು ಬೇಕು. ಇಲಿನಾಯ್‌ನ ಗ್ರಾನೈಟ್ ಸಿಟಿ, ಪೆನ್ಸಿಲ್ವೇನಿಯಾದ ಸ್ಟೀಲ್ಟನ್, ಕೆನಡಾದ ಟೊರೊಂಟೊ. ಈಗ ಗ್ರೀಸ್‌ನಲ್ಲಿರುವ ಕೊಸ್ತೂರ್ ಮತ್ತು ಲೆರಿನ್ ಕಡೆಯ ಹಳ್ಳಿಗಳಿಂದ ಅಣ್ಣ ಹೋದ, ತಮ್ಮ ಹೋದ, ಭಾವಮೈದ ಹೋದ. ಒಂದೊಂದು ಬಾಡಿಗೆ ಮನೆಯಲ್ಲಿ ಹತ್ತು ಹದಿನೈದು ಜನ. ಹಗಲು ಪಾಳಿಯವನು ಎದ್ದ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಮಲಗುತ್ತಿದ್ದ. ಟೊರೊಂಟೊದ ಪೂರ್ವ ಭಾಗದಲ್ಲಿ ಕಸಾಯಿಖಾನೆ, ಚರ್ಮ ಹದಮಾಡುವ ಕಾರ್ಖಾನೆ, ಎರಕದ ಕಾರ್ಖಾನೆಗಳ ಸುತ್ತ ಇವರ ಕೇರಿಗಳು ಬೆಳೆದವು.

ಈಗ ಮುಖ್ಯ ವಿಷಯ. ಆ ಹೊತ್ತಿಗೆ ಇವರಿಗೆ ಹೇಳಿಕೊಳ್ಳಲು ದೇಶ ಇರಲಿಲ್ಲ. ಪಾಸ್‌ಪೋರ್ಟಿನಲ್ಲಿ ತುರ್ಕಿ ಅಂತ ಬರೆದಿತ್ತು. ಹೀಗಾಗಿ ಅವರು ಸಂಘ ಕಟ್ಟಿದ್ದು ದೇಶದ ಹೆಸರಿನಲ್ಲಲ್ಲ, ಊರಿನ ಹೆಸರಿನಲ್ಲಿ. ಝೆಲೆವೊ ಹಳ್ಳಿಯವರು 1907ರಲ್ಲೇ ಟೊರೊಂಟೊದಲ್ಲಿ ತಮ್ಮ ಊರಿನ ಸಂಘ ಮಾಡಿಕೊಂಡರು. ಬೇರೆ ಹಳ್ಳಿಗಳೂ ಹಿಂದೆ ಬೀಳಲಿಲ್ಲ. ಯಾರಾದರೂ ಕಾರ್ಖಾನೆಯಲ್ಲಿ ಸತ್ತರೆ ಮಣ್ಣು ಮಾಡುವ ಖರ್ಚು ಸಂಘದ್ದು. ಊರಿನ ಚರ್ಚಿಗೆ, ಶಾಲೆಗೆ, ನೀರಿನ ತೊಟ್ಟಿಗೆ ದುಡ್ಡು ಕಳಿಸುವುದೂ ಸಂಘವೇ. ಝೆಲೆವೊ ಈಗ ಗ್ರೀಸ್‌ನಲ್ಲಿದೆ, ಅದರ ಅಧಿಕೃತ ಹೆಸರು ಅಂತಾರ್ತಿಕೊ.

ಟೊರೊಂಟೊ, ಡೆಟ್ರಾಯ್ಟ್ ಸುತ್ತಮುತ್ತ ಕಾರ್ಖಾನೆ ಬಿಟ್ಟು ಎಷ್ಟೋ ಜನ ಸಣ್ಣ ಹೋಟೆಲು ಹಾಕಿದರು. ಇಲ್ಲಿ ಒಂದು ಉದಾಹರಣೆ ಹೇಳಲೇಬೇಕು. ಅಮೆರಿಕದ ಸಿನ್ಸಿನಾಟಿ ಊರಿನಲ್ಲಿ 'ಚಿಲಿ' ಅಂದರೆ ದಾಲ್ಚಿನ್ನಿಯಂಥ ಮಸಾಲೆ ಹಾಕಿದ ಮಾಂಸದ ಗೊಜ್ಜು. ಅದನ್ನು ಸ್ಪಗೆಟಿ ಮೇಲೆ ಸುರಿದು, ಮೇಲಕ್ಕೆ ರಾಶಿ ಚೀಸ್ ತುರಿದು ಕೊಡುತ್ತಾರೆ. ಇದನ್ನು 1922ರಲ್ಲಿ ಶುರು ಮಾಡಿದವರು ಟಾಮ್ ಮತ್ತು ಜಾನ್ ಕಿರಾಜಿಯೆಫ್ ಎಂಬ ಅಣ್ಣತಮ್ಮಂದಿರು. ಅವರ ಊರು ಕೊಸ್ತೂರ್ ಹತ್ತಿರದ ಹ್ರುಪಿಷ್ಟಾ. ಆ ಊರಿನ ಇವತ್ತಿನ ಹೆಸರು ಆರ್ಗೊಸ್ ಒರೆಸ್ತಿಕೊ, ಅದೂ ಗ್ರೀಸ್‌ನಲ್ಲಿ. ಆದ್ದರಿಂದ ಕೆಲವರು ಅದನ್ನು ಗ್ರೀಕ್ ಅಡುಗೆ ಅನ್ನುತ್ತಾರೆ, ಕೆಲವರು ಮ್ಯಾಸಿಡೋನಿಯನ್ ಅನ್ನುತ್ತಾರೆ, ಇನ್ನು ಕೆಲವರು ಬಲ್ಗೇರಿಯನ್ ಅನ್ನುತ್ತಾರೆ. ನಿಮ್ಮ ಪಕ್ಕದ ಮನೆಯ ಅಜ್ಜಿಗೆ ನೀವು ಕೇಳಿದ ಪ್ರಶ್ನೆಯೇ ಒಂದು ತಟ್ಟೆ ಊಟಕ್ಕೂ ಬಂದಿದೆ ನೋಡಿ. ಲಿಟಲ್ ಸೀಸರ್ಸ್ ಪಿಜ್ಜಾ ಕಂಪನಿ ಗೊತ್ತಲ್ವಾ? ಅದನ್ನು 1959ರಲ್ಲಿ ಹೆಂಡತಿಯ ಜೊತೆ ಶುರು ಮಾಡಿದ ಮೈಕ್ ಇಲಿಚ್ ಕೂಡ ಡೆಟ್ರಾಯ್ಟ್‌ಗೆ ವಲಸೆ ಬಂದ ಮ್ಯಾಸಿಡೋನಿಯನ್ ತಂದೆತಾಯಿಯ ಮಗ.

ಮೇಲೆ ಬಲ್ಗೇರಿಯನ್ ಅಂದೆ. ಅದನ್ನು ಮುಚ್ಚಿಡಬಾರದು. ಮೊದಲ ತಲೆಮಾರಿನ ವಲಸಿಗರಲ್ಲಿ ಬಹಳ ಜನ ತಮ್ಮನ್ನು ಮ್ಯಾಸಿಡೋನಿಯಾದ ಬಲ್ಗೇರಿಯನ್ನರು ಎಂದೇ ಕರೆದುಕೊಂಡರು. ಟೊರೊಂಟೊದಲ್ಲಿ 1910ರಲ್ಲಿ ಅವರು ಕಟ್ಟಿಕೊಂಡ ಚರ್ಚಿನ ಹೆಸರಿನಲ್ಲೇ ಎರಡೂ ಪದಗಳಿದ್ದವು. 1922ರಲ್ಲಿ ಅಮೆರಿಕದ ಫೋರ್ಟ್ ವೇನ್‌ನಲ್ಲಿ ಹುಟ್ಟಿದ ಮ್ಯಾಸಿಡೋನಿಯನ್ ರಾಜಕೀಯ ಸಂಘವೂ ಅದೇ ದಾರಿಯದು. 1945ರಲ್ಲಿ ಮ್ಯಾಸಿಡೋನಿಯನ್ ಭಾಷೆಗೆ ಅಧಿಕೃತ ಲಿಪಿ ಮತ್ತು ಕಾಗುಣಿತ ನಿಗದಿಯಾದ ಮೇಲೆ, 1967ರಲ್ಲಿ ಮ್ಯಾಸಿಡೋನಿಯನ್ ಆರ್ಥೊಡಾಕ್ಸ್ ಚರ್ಚು ತನ್ನನ್ನು ಸ್ವತಂತ್ರ ಎಂದು ಘೋಷಿಸಿದ ಮೇಲೆ, ಹೊರಗಿರುವವರಲ್ಲೂ 'ನಾವು ಮ್ಯಾಸಿಡೋನಿಯನ್ನರೇ, ಬೇರೆ ಯಾರೂ ಅಲ್ಲ' ಎನ್ನುವುದು ಗಟ್ಟಿಯಾಯಿತು. ಒಂದೇ ಮನೆಯ ಅಜ್ಜ ಒಂದು ಹೇಳಿ, ಮೊಮ್ಮಗ ಇನ್ನೊಂದು ಹೇಳುವುದುಂಟು. ನನ್ನ ಅಭಿಪ್ರಾಯ ಇಷ್ಟೇ: ಒಬ್ಬರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೋ ಅದನ್ನು ಒಪ್ಪಿಕೊಳ್ಳುವುದು ಸರಿಯಾದ ದಾರಿ.

ಆಸ್ಟ್ರೇಲಿಯಾಕ್ಕೆ ಜನ ದೊಡ್ಡದಾಗಿ ತಿರುಗಿದ್ದು 1924ರ ನಂತರ. ಆ ವರ್ಷ ಅಮೆರಿಕ ಕಾನೂನು ತಂದು ದಕ್ಷಿಣ, ಪೂರ್ವ ಯೂರೋಪಿನವರಿಗೆ ಬಾಗಿಲು ಹೆಚ್ಚು ಕಡಿಮೆ ಮುಚ್ಚಿತು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕಾಡು ಕಡಿಯುವುದು, ಮಂಜಿಮಪ್‌ನಲ್ಲಿ ಹೊಗೆಸೊಪ್ಪು ಬೆಳೆಯುವುದು, ಪರ್ತ್ ಸುತ್ತ ತರಕಾರಿ ತೋಟ. ಎರಡನೇ ಮಹಾಯುದ್ಧದ ನಂತರ ಯುಗೊಸ್ಲಾವಿಯಾದ ಬಿತೋಲಾ, ಪ್ರೆಸ್ಪಾ ಕಡೆಯಿಂದ ಅಲೆಯಲೆಯಾಗಿ ಬಂದರು. 1963ರ ಜುಲೈ 26ರ ಭೂಕಂಪದಲ್ಲಿ ರಾಜಧಾನಿ ಸ್ಕೋಪ್ಯೆ ನೆಲಸಮವಾಗಿ ಸಾವಿರಕ್ಕೂ ಜಾಸ್ತಿ ಜನ ಸತ್ತರು. 1970ರಲ್ಲಿ ಆಸ್ಟ್ರೇಲಿಯಾ ಮತ್ತು ಯುಗೊಸ್ಲಾವಿಯಾ ವಲಸೆ ಒಪ್ಪಂದ ಮಾಡಿಕೊಂಡವು. ಮೆಲ್ಬರ್ನಿನ ಕಾರು ಕಾರ್ಖಾನೆಗಳು, ವೊಲೊಂಗಾಂಗ್ ಪಕ್ಕದ ಪೋರ್ಟ್ ಕೆಂಬ್ಲಾದ ಉಕ್ಕಿನ ಕಾರ್ಖಾನೆ ಇವರ ದುಡಿಮೆ ಉಂಡವು. ಆ ಉಕ್ಕಿನ ಕಾರ್ಖಾನೆ ಹೆಂಗಸರಿಗೆ ಕೆಲಸ ಕೊಡುತ್ತಿಲ್ಲ ಎಂದು 1980ರಲ್ಲಿ ಹೋರಾಟ ಶುರುವಾಯಿತು. ದೂರು ಕೊಟ್ಟ 34 ಹೆಂಗಸರಲ್ಲಿ ಮ್ಯಾಸಿಡೋನಿಯನ್ ಹೆಂಗಸರೂ ಇದ್ದರು. 1989ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್, ಅಂದರೆ ಆ ದೇಶದ ಅತಿ ದೊಡ್ಡ ಕೋರ್ಟು, ಅವರ ಪರ ತೀರ್ಪು ಕೊಟ್ಟಿತು. ಇಂಗ್ಲಿಷ್ ಸರಿಯಾಗಿ ಬಾರದ ವಲಸಿಗ ಹೆಂಗಸರು ಒಂದು ದೇಶದ ಕಾನೂನನ್ನೇ ಬಗ್ಗಿಸಿದ್ದು ಸಣ್ಣ ಮಾತಲ್ಲ.

ಇವತ್ತು 2021ರ ಜನಗಣತಿಯಲ್ಲಿ ತಮ್ಮ ಮೂಲ ಮ್ಯಾಸಿಡೋನಿಯನ್ ಎಂದು ಬರೆಸಿದವರು ಆಸ್ಟ್ರೇಲಿಯಾದಲ್ಲಿ 1 ಲಕ್ಷಕ್ಕೂ ಹೆಚ್ಚು. ನಿಮ್ಮ ಎಪ್ಪಿಂಗ್, ಪಕ್ಕದ ತಾಮಸ್‌ಟೌನ್, ಲೇಲರ್ ಎಲ್ಲ ಅವರ ಹಳೇ ಕೇರಿಗಳೇ. ಫುಟ್‌ಬಾಲ್ ಕ್ಲಬ್ ಪ್ರೆಸ್ಟನ್ ಲಯನ್ಸ್ ಹುಟ್ಟಿದ್ದು 1947ರಲ್ಲಿ. ಮೊದಲು ಅದರ ಹೆಸರು ಪ್ರೆಸ್ಟನ್ ಮಕೆಡೋನಿಯಾ. 1990ರ ದಶಕದಲ್ಲಿ ಕ್ಲಬ್ಬುಗಳು ದೇಶ, ಜನಾಂಗದ ಹೆಸರು ಬಿಡಬೇಕು ಎಂದು ನಿಯಮ ಬಂತು, ಹೆಸರು ಹೋಯಿತು. ಪಂದ್ಯದ ದಿನ ಮೈದಾನಕ್ಕೆ ಹೋಗಿ ನೋಡಿ, ಹಳೇ ಹೆಸರನ್ನೇ ಕೂಗುತ್ತಾರೆ. ನಿಮ್ಮ ಮಕ್ಕಳು ಆಸ್ಟ್ರೇಲಿಯನ್ ಫುಟ್‌ಬಾಲ್ ನೋಡುತ್ತಾರಾದರೆ ಕಾಲಿಂಗ್‌ವುಡ್‌ನ ನಿಕ್ ಡೇಕೋಸ್ ಗೊತ್ತಿರಬೇಕು. ಅವನ ಅಪ್ಪ ಪೀಟರ್ ಡೇಕೋಸ್‌ಗೆ ಜನ ಇಟ್ಟ ಅಡ್ಡಹೆಸರು 'ಮ್ಯಾಸಿಡೋನಿಯನ್ ಮಾರ್ವೆಲ್'.

ಈಗ ಅಜ್ಜಿಯ ಕಥೆಗೆ ಬರೋಣ. 1946ರಿಂದ 1949ರವರೆಗೆ ಗ್ರೀಸ್‌ನಲ್ಲಿ ಅಂತರ್ಯುದ್ಧ ನಡೆಯಿತು. ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಕಮ್ಯುನಿಸ್ಟರು. ಅದಕ್ಕೂ ಹತ್ತು ವರ್ಷ ಹಿಂದೆ, 1936ರಿಂದ, ಮೆಟಾಕ್ಸಾಸ್‌ನ ಸರ್ವಾಧಿಕಾರದಲ್ಲಿ ಬೀದಿಯಲ್ಲಿ ಮ್ಯಾಸಿಡೋನಿಯನ್ ಮಾತಾಡಿದರೆ ಶಿಕ್ಷೆಯಾಗುತ್ತಿತ್ತು. ಊರುಗಳ ಹೆಸರನ್ನು 1920ರ ದಶಕದಲ್ಲೇ ಗ್ರೀಕ್‌ಗೆ ಬದಲಿಸಿದ್ದರು. ಕಮ್ಯುನಿಸ್ಟರು ಮ್ಯಾಸಿಡೋನಿಯನ್ ಶಾಲೆ ತೆರೆದರು, ಭಾಷೆಗೆ ಮರ್ಯಾದೆ ಕೊಟ್ಟರು. ಹೀಗಾಗಿ ಕೊಸ್ತೂರ್, ಲೆರಿನ್ ಕಡೆಯ ಹಳ್ಳಿಗಳಿಂದ ಬಹಳ ಜನ ಅವರ ಜೊತೆ ಸೇರಿದರು. ಆ ಹಳ್ಳಿಗಳ ಮೇಲೆ ಬಾಂಬು ಬೀಳತೊಡಗಿತು.

1948ರ ವಸಂತದಲ್ಲಿ ಕಮ್ಯುನಿಸ್ಟರು ಮಕ್ಕಳನ್ನು ಗಡಿ ದಾಟಿಸಲು ಶುರು ಮಾಡಿದರು. ಒಟ್ಟು ಸುಮಾರು 28,000 ಮಕ್ಕಳು. ಅವರಲ್ಲಿ ಗ್ರೀಕ್ ಮಕ್ಕಳೂ ಇದ್ದರು. ಒಂದೊಂದು ಗುಂಪಿನ ಜೊತೆ ಊರಿನದೇ ಕೆಲವು ಹೆಂಗಸರು. ಅವರನ್ನು 'ಮಾಯ್ಕಿ', ತಾಯಂದಿರು, ಎಂದು ಕರೆಯುತ್ತಿದ್ದರು. ರಾತ್ರಿ ಬೆಟ್ಟ ಹತ್ತಬೇಕು, ಹಗಲು ಅಡಗಿರಬೇಕು. ಕೆಲವೇ ವಾರ ಅಂದುಕೊಂಡು ಅಮ್ಮಂದಿರು ಮಕ್ಕಳನ್ನು ಕಳಿಸಿಕೊಟ್ಟರು. ಯುಗೊಸ್ಲಾವಿಯಾ, ರೊಮೇನಿಯಾ, ಹಂಗೇರಿ, ಚೆಕೊಸ್ಲೊವಾಕಿಯಾ, ಪೋಲೆಂಡ್ ದೇಶಗಳಲ್ಲಿ ಈ ಮಕ್ಕಳಿಗಾಗಿ ಹಾಸ್ಟೆಲ್‌ಗಳನ್ನು ತೆರೆದರು. ಪೋಲೆಂಡ್‌ನಲ್ಲಿ ಜರ್ಮನಿ ಗಡಿಯ ಝ್ಗೊಜೆಲೆಟ್ಸ್ ಊರಿನದು ದೊಡ್ಡದು. ಪೋಲಿಷ್ ಜೊತೆ ಗ್ರೀಕ್ ಅಥವಾ ಮ್ಯಾಸಿಡೋನಿಯನ್ ಪಾಠವೂ ನಡೆಯುತ್ತಿತ್ತು. ಸೋತ ಹೋರಾಟಗಾರರನ್ನು ಸೋವಿಯತ್ ಒಕ್ಕೂಟ ದೂರದ ತಾಷ್ಕೆಂಟ್‌ಗೆ ಕರೆದೊಯ್ಯಿತು. ಹೀಗೆ ಅಪ್ಪ ತಾಷ್ಕೆಂಟ್‌ನಲ್ಲಿ, ಅಮ್ಮ ಊರಿನಲ್ಲಿ, ಅಕ್ಕ ರೊಮೇನಿಯಾದಲ್ಲಿ, ತಮ್ಮ ಪೋಲೆಂಡ್‌ನಲ್ಲಿ. ರೆಡ್‌ಕ್ರಾಸ್ ಹುಡುಕಿ ಒಂದುಗೂಡಿಸಿದ ಕುಟುಂಬಗಳು ಎಷ್ಟೋ. ಮೊದಲೇ ಟೊರೊಂಟೊ, ಪರ್ತ್ ಸೇರಿದ್ದ ಅಪ್ಪಂದಿರ ಹತ್ತಿರ ಹೋದ ಮಕ್ಕಳೂ ಎಷ್ಟೋ. ಇನ್ನೂ ಬಹಳ ಜನ 1950ರಿಂದ 70ರವರೆಗೆ ಯುಗೊಸ್ಲಾವಿಯಾದ ಮ್ಯಾಸಿಡೋನಿಯಾಕ್ಕೆ ಬಂದು, ಅಲ್ಲೇ ಮದುವೆಯಾಗಿ, ಆಮೇಲೆ ಆಸ್ಟ್ರೇಲಿಯಾಕ್ಕೆ ಹೊರಟರು. ನಿಮ್ಮ ಅಜ್ಜಿ ಹೇಳಿದ್ದು ಇದೇ ಸಾಲು.

ಈ ಮಕ್ಕಳಿಗೆ 'ದೆತ್ಸಾ ಬೆಗಾಲ್ತ್ಸಿ' ಎಂಬ ಹೆಸರೇ ನಿಂತುಹೋಗಿದೆ, ಅಂದರೆ ನಿರಾಶ್ರಿತ ಮಕ್ಕಳು. ಎಪ್ಪತ್ತು ದಾಟಿದ ಮೇಲೂ ಅವರು ತಮ್ಮನ್ನು 'ಮಕ್ಕಳು' ಎಂದೇ ಹೇಳಿಕೊಳ್ಳುತ್ತಾರೆ. 1982ರ ಕೊನೆಯಲ್ಲಿ ಗ್ರೀಕ್ ಸರ್ಕಾರ ಅಂತರ್ಯುದ್ಧದ ನಿರಾಶ್ರಿತರು ವಾಪಸ್ ಬರಬಹುದು ಎಂದು ಆದೇಶ ಹೊರಡಿಸಿತು. ಆದರೆ ಒಂದು ಷರತ್ತು: ವಂಶದಿಂದ ಗ್ರೀಕರಾಗಿರಬೇಕು. ಮ್ಯಾಸಿಡೋನಿಯನ್ನರು ಎಂದು ಹೇಳಿಕೊಳ್ಳುವವರಿಗೆ ಊರೂ ಇಲ್ಲ, ಹೊಲಮನೆಯೂ ಇಲ್ಲ. ಆಸ್ಟ್ರೇಲಿಯಾ, ಕೆನಡಾದ ಪಾಸ್‌ಪೋರ್ಟ್ ಹಿಡಿದು ಅಪ್ಪ ಅಮ್ಮನ ಗೋರಿ ನೋಡಲು ಹೋದವರನ್ನೂ ಗಡಿಯಲ್ಲಿ ತಡೆದು ಕಳಿಸಿದ ಘಟನೆಗಳು ದಾಖಲಾಗಿವೆ. ಕಾರಣಗಳಲ್ಲಿ ಒಂದು, ಹುಟ್ಟಿದ ಊರಿನ ಹೆಸರು ಹಳೇ ರೂಪದಲ್ಲಿದೆ ಎನ್ನುವುದು. 1988ರ ಬೇಸಿಗೆಯಲ್ಲಿ, ಊರು ಬಿಟ್ಟ ನಲವತ್ತನೇ ವರ್ಷ, ಪ್ರಪಂಚದ ಎಲ್ಲ ಕಡೆಯಿಂದ ಈ 'ಮಕ್ಕಳು' ಸ್ಕೋಪ್ಯೆಯಲ್ಲಿ ಸೇರಿದರು. ಅವರಲ್ಲಿ ಬಹಳ ಜನರ ಊರು ಅಲ್ಲಿಂದ ಕೆಲವೇ ಗಂಟೆಯ ದಾರಿ, ಆದರೆ ಹೋಗುವಂತಿರಲಿಲ್ಲ. ಅದಕ್ಕೇ 'ಗ್ರೀಕರಾ?' ಎಂಬ ಪ್ರಶ್ನೆಗೆ ಅಜ್ಜಿಯ ಮುಖ ಸಪ್ಪಗಾದದ್ದು. ಅವರಿಗೆ ಅದು ಸುಮ್ನೆ ಕೇಳಿದ ಪ್ರಶ್ನೆಯಲ್ಲ. ಊರಿಗೆ ಹೋಗಲು ಏನು ಒಪ್ಪಿಕೊಳ್ಳಬೇಕಿತ್ತೋ ಅದೇ ಮಾತು.

ಇವರ ಹೆಸರುಗಳಲ್ಲೂ ಇದೆಲ್ಲ ಕಾಣುತ್ತದೆ. ಪಾದ್ರಿಯ ಮನೆತನ ಅಂದುಕೊಳ್ಳಿ. ಬಲ್ಗೇರಿಯಾಕ್ಕೆ ಹೋದ ಅಣ್ಣ ಪೊಪೊವ್. ಸ್ಕೋಪ್ಯೆಯ ತಮ್ಮ ಪೊಪೊವ್ಸ್ಕಿ. ಗ್ರೀಸ್‌ನಲ್ಲಿ ಉಳಿದವನು ಪಾಪಾದೊಪುಲೊಸ್. ಟೊರೊಂಟೊದವನು ಪೊಪಾಫ್. ಹೀಗಿರುವಾಗ ಪ್ರಪಂಚದಲ್ಲಿ ಒಟ್ಟು ಎಷ್ಟು ಜನ ಇದ್ದಾರೆ ಎಂದು ಎಣಿಸುವುದು ಹೇಗೆ? ಹುಟ್ಟಿದ ದೇಶ ಎಂದು ಕೇಳಿದರೆ ಒಬ್ಬರು ತುರ್ಕಿ, ಇನ್ನೊಬ್ಬರು ಗ್ರೀಸ್, ಮತ್ತೊಬ್ಬರು ಯುಗೊಸ್ಲಾವಿಯಾ ಬರೆಸುತ್ತಾರೆ. ಅದಕ್ಕೇ ದೊಡ್ಡ ದೊಡ್ಡ ಅಂಕಿಗಳನ್ನು ಕಂಡರೆ ನಂಬಬೇಡಿ.

ಯೂರೋಪಿನ ಮಾತು ಚುಟುಕಾಗಿ ಹೇಳುತ್ತೇನೆ. 1968ರಲ್ಲಿ ಯುಗೊಸ್ಲಾವಿಯಾ ಪಶ್ಚಿಮ ಜರ್ಮನಿಯ ಜೊತೆ ಕೆಲಸಗಾರರ ಒಪ್ಪಂದ ಮಾಡಿಕೊಂಡಿತು. ಜರ್ಮನಿ, ಸ್ವಿಟ್ಜರ್ಲೆಂಡ್, ಇಟಲಿಗೆ ಹೋಗುವುದು ಇವತ್ತಿಗೂ ನಿಂತಿಲ್ಲ. ಹೋಗುವವರಲ್ಲಿ ಉತ್ತರ ಮ್ಯಾಸಿಡೋನಿಯಾದ ಅಲ್ಬೇನಿಯನ್ನರು, ತುರ್ಕರು, ರೋಮಾ ಜನರೂ ಇದ್ದಾರೆ. ಸ್ಕೋಪ್ಯೆಯಲ್ಲಿ ಅಲ್ಬೇನಿಯನ್ ಮನೆಯಲ್ಲಿ ಹುಟ್ಟಿ ಕೋಲ್ಕತಾಕ್ಕೆ ಬಂದ ಮದರ್ ತೆರೇಸಾ ನಮಗೆಲ್ಲ ಗೊತ್ತಿರುವ ಹೆಸರು. ಬಲ್ಗೇರಿಯಾ 2007ರಲ್ಲಿ ಯೂರೋಪಿಯನ್ ಒಕ್ಕೂಟ ಸೇರಿದ ಮೇಲೆ, ಕೆಲಸಕ್ಕಾಗಿ ಬಲ್ಗೇರಿಯಾದ ಪಾಸ್‌ಪೋರ್ಟ್ ಪಡೆದ ಮ್ಯಾಸಿಡೋನಿಯನ್ನರು ಸಾವಿರಾರು. ಪರಿಣಾಮ ಊರಿನಲ್ಲಿ ಕಾಣುತ್ತದೆ. ಉತ್ತರ ಮ್ಯಾಸಿಡೋನಿಯಾದ ಜನಸಂಖ್ಯೆ 2002ರಲ್ಲಿ 20 ಲಕ್ಷ ದಾಟಿತ್ತು. 2021ರಲ್ಲಿ ಸುಮಾರು 18 ಲಕ್ಷ 37 ಸಾವಿರ.

ಕೊನೆಗೆ ಆ ಗ್ಯಾರೇಜು. ಅಲ್ಲಿ ಸುಡುವುದು 'ಐವರ್' ಎಂಬ ಗೊಜ್ಜು ಮಾಡಲು. ಬಾಲ್ಕನ್‌ನಲ್ಲಿ ಇದು ಸೆಪ್ಟೆಂಬರ್‌ನ ಕೆಲಸ. ಆಸ್ಟ್ರೇಲಿಯಾದಲ್ಲಿ ಋತು ತಿರುಗುಮುರುಗಾದ್ದರಿಂದ ಫೆಬ್ರವರಿ, ಮಾರ್ಚ್. ಉದ್ದನೆಯ ಕೆಂಪು ಕಾಯಿಗಳನ್ನು ಸಿಪ್ಪೆ ಕಪ್ಪಾಗುವವರೆಗೆ ಬೆಂಕಿಯಲ್ಲಿ ಸುಟ್ಟು, ಬಿಸಿಯಿರುವಾಗಲೇ ಮುಚ್ಚಿಟ್ಟು ಬೆವರಿಸಿ, ಒಂದೊಂದಾಗಿ ಸಿಪ್ಪೆ ಬೀಜ ತೆಗೆದು, ಅರೆದು, ದೊಡ್ಡ ಪಾತ್ರೆಯಲ್ಲಿ ಎಣ್ಣೆ ಹಾಕಿ ಗಂಟೆಗಟ್ಟಲೆ ಕೈಬಿಡದೆ ತಿರುವುತ್ತಾರೆ. ಸಿಪ್ಪೆ ಬಿಡಿಸಲು ಎಷ್ಟು ಕೈ ಇದ್ದರೂ ಸಾಲದು. ಮುಂದಿನ ಸಲ ನೀವೂ ಹೋಗಿ ಕೂತುಕೊಳ್ಳಿ. ಅಜ್ಜಿಯನ್ನು 'ಬಾಬಾ' ಅನ್ನಿ. ನಮಗೆ ಗಂಡಸಿನ ಹೆಸರಿನಂತೆ ಕೇಳಿಸುತ್ತದೆ, ಅವರ ಭಾಷೆಯಲ್ಲಿ ಅದು ಅಜ್ಜಿ. ಯಾವ ದೇಶ ಎಂದು ಕೇಳಬೇಡಿ. "ಓದ್ ಕೊಯೆ ಸೆಲೊ ಸ್ತೆ?" ಎಂದು ಕೇಳಿ. ನಿಮ್ಮದು ಯಾವ ಹಳ್ಳಿ, ಎಂದರ್ಥ. ಅವರು ಬಹುಶಃ ಎರಡು ಹೆಸರು ಹೇಳುತ್ತಾರೆ. ಎರಡನೆಯದು ಇವತ್ತಿನ ನಕ್ಷೆಯಲ್ಲಿ ಸಿಗುತ್ತದೆ. ಮೊದಲನೆಯದನ್ನು ಅವರು ಹೇಳಿದ ಹಾಗೇ ಬರೆದಿಟ್ಟುಕೊಳ್ಳಿ.